ಸ್ನಾನದ ತೊಟ್ಟಿಯಲ್ಲಿ ಮೀನು

ವಿಮಾನ ಬಿದ್ದುಹೋಗಬಹುದಿತ್ತು. ಪಾಸ್‌ಪೋರ್ಟ್ ಕಳೆದುಹೋಗಬಹುದಿತ್ತು. ನಾನು ಹಿಮದಲ್ಲಿ ಹೂತುಹೋಗಿ ಬೇಸಿಗೆಯಲ್ಲಿ ಸಿಗಬಹುದಿತ್ತು. ಎಂಟನೇ ವಯಸ್ಸಿಗೇ ಇಷ್ಟೆಲ್ಲ ಯೋಚಿಸಿಟ್ಟಿದ್ದೆ. ಆಮೇಲಿನ ವರ್ಷಗಳಲ್ಲಿ ಹೀಗೆ ಕೆಟ್ಟದ್ದನ್ನು ಊಹಿಸುವುದರಲ್ಲಿ ಪಳಗಿದೆ, ಅಷ್ಟೇ.

ಲಂಡನ್ನಿನ ಹೌನ್ಸ್ಲೋದಲ್ಲಿರುವ ನಮ್ಮ ಬೀದಿಯ ಪೋಲಿಷ್ ಅಂಗಡಿಯಲ್ಲಿ ಬೀಟ್‌ರೂಟ್ ಸಾರಿನ ಹುಳಿ ವಾಸನೆ ಬಂದರೆ ಈಗಲೂ ಆ ಮಧ್ಯಾಹ್ನ ನೆನಪಾಗುತ್ತದೆ.

ಲಂಡನ್ನಿಗೆ ಹೊರಟಿದ್ದ ನಮ್ಮ ವಿಮಾನ ಹಿಮದ ದೆಸೆಯಿಂದ ಪೋಲೆಂಡಿನ ಕಟೊವಿತ್ಸೆಯಲ್ಲಿ ಇಳಿದಿತ್ತು. ಕಲ್ಲಿದ್ದಲಿನ ಊರು, ಬಿದ್ದ ಹಿಮವೂ ನೋಡುತ್ತಿದ್ದಂತೆ ಮಸಿ ಹಿಡಿಯುತ್ತಿತ್ತು. ಕ್ರಿಸ್‌ಮಸ್ಸಿನ ಹಿಂದಿನ ದಿನ, ಹೋಟೆಲುಗಳೆಲ್ಲ ಭರ್ತಿ. ವಿಮಾನ ನಿಲ್ದಾಣದಲ್ಲಿ ಕೆಲಸಕ್ಕಿದ್ದ ಹಲೀನಾ ಎಂಬಾಕೆ ನಮ್ಮನ್ನು ತಮ್ಮ ಮನೆಗೇ ಕರೆದೊಯ್ದರು.

ಹಿಂದಿನ ದಿನದಿಂದ ಅಮ್ಮ ಏನೂ ತಿಂದಿರಲಿಲ್ಲ. "ಸ್ನಾನ ಆಗ್ದೆ ನಾನು ಒಂದು ತುತ್ತೂ ಮುಟ್ಟಲ್ಲ" ಎಂದು ಬಚ್ಚಲಿಗೆ ಹೋದವಳು ಕಿರುಚಿದಳು. ತೊಟ್ಟಿಯಲ್ಲಿ ಮೊಳದುದ್ದದ ಮೀನು ಈಜುತ್ತಿತ್ತು! ಹಬ್ಬದೂಟಕ್ಕೆ ತಂದ ಮೀನನ್ನು ಅಲ್ಲಿನವರು ಹೀಗೇ ಜೀವಂತ ಇಟ್ಟಿರುತ್ತಾರಂತೆ.

"ಇವತ್ತೊಂದಿನ ಹಾಗೇ ತಿನ್ನೇ" ಎಂದರು ಅಪ್ಪ. "ಪಾಪ, ಅದನ್ನ ಒಕ್ಕಲೆಬ್ಬಿಸ್ತೀಯಾ?"

"ರಾತ್ರಿ ಅದನ್ನ ತಿನ್ನೋರು ಅವ್ರು ರೀ. ನಾನು ಸ್ವಲ್ಪ ಹೊತ್ತು ಆಚೆ ಇರು ಅಂದೆ, ಅಷ್ಟೇ."

ಹಲೀನಾ ನಗುತ್ತ ಮೀನನ್ನು ಬಕೆಟ್ಟಿಗೆ ಎತ್ತಿ ಹಾಕಿ, ನನ್ನನ್ನು ಕಾವಲಿಗೆ ಕೂರಿಸಿದರು. ಅಮ್ಮ ತೊಟ್ಟಿಯನ್ನು ಉಜ್ಜಿ ತೊಳೆದು, ಬಿಸಿನೀರು ಹುಯ್ದುಕೊಂಡು ಬಂದು, ಒದ್ದೆ ಕೂದಲಲ್ಲೇ ಊಟಕ್ಕೆ ಕೂತಳು. ಎರಡು ಬಟ್ಟಲು ಕೆಂಪು ಸಾರು ಕುಡಿದು, "ಉಪ್ಪು ಕಮ್ಮಿ" ಎನ್ನುತ್ತಲೇ ಮೂರನೆಯದಕ್ಕೂ ಬಟ್ಟಲು ಚಾಚಿದಳು. ಅಪ್ಪ ಜೋರಾಗಿ ನಕ್ಕರು.

ಇಷ್ಟೆಲ್ಲದರಲ್ಲಿ ನಿಜಕ್ಕೂ ಆದ ಕೆಟ್ಟದ್ದು ಒಂದೇ. ಮೀನು ಬಾಲ ಬಡಿದು, ನನಗಿದ್ದ ಒಂದೇ ಜೊತೆ ಉಣ್ಣೆಯ ಕಾಲುಚೀಲ ಒದ್ದೆಯಾಯಿತು.