ಕೇರಿಗೆಲ್ಲ ಒಂದೇ ಕುಂಡ ಮಣ್ಣು

ಊರು ಮುಳುಗಿ ಮೂವತ್ತು ವರ್ಷವಾಗಿತ್ತು, ವಿದ್ಯುತ್ ನಿಯಮ ಮಾತ್ರ ಮುಳುಗಿರಲಿಲ್ಲ. ದೋಣಿಮನೆಗೆ ಪ್ಲಗ್ ಪಾಯಿಂಟ್ ಹಾಕಿಸುವವರೂ ಅರ್ಥಿಂಗ್ ವೈರನ್ನು ಮಣ್ಣಿಗೇ ಇಳಿಸಬೇಕು. ಕಡಲತಳದ ಕೆಸರನ್ನು ಇಲಾಖೆ ಮಣ್ಣೆಂದು ಒಪ್ಪುತ್ತಿರಲಿಲ್ಲ. ದೋಣಿಕೇರಿಯಲ್ಲಿ ಉಳಿದಿದ್ದ ಮಣ್ಣೆಂದರೆ ಲೀನಾ ಬಾಯಿಯ ಹೂಕುಂಡದ್ದಷ್ಟೇ. ತಪಾಸಣೆಯ ದಿನ ಅದು ಇನ್‌ಸ್ಪೆಕ್ಟರರಿಗಿಂತ ಮೊದಲೇ ದೋಣಿಯಿಂದ ದೋಣಿಗೆ ದಾಟುತ್ತಿತ್ತು.

ಗುಲಾಬಕ್ಕ ಹೊಸ ದೋಣಿಗೆ ಹುಡುಕಿ ಹುಡುಕಿ ಒಳ್ಳೆಯ ಸಾಕೆಟ್ಟುಗಳನ್ನೇ ತಂದಿದ್ದಳು. ಉಪ್ಪುನೀರು ಸೋಕದಂತೆ ರಬ್ಬರ್ ಮುಚ್ಚಳವಿತ್ತು, ಕರೆಂಟು ಸೋರಿದರೆ ತಾವಾಗಿಯೇ ಆಫ್ ಆಗುತ್ತಿದ್ದವು. ಇನ್‌ಸ್ಪೆಕ್ಟರ್ ಕಲ್ಲೂರಾಯರು ಅವುಗಳತ್ತ ಕಣ್ಣೆತ್ತಿಯೂ ನೋಡಲಿಲ್ಲ.

“ಅದೆಲ್ಲ ಇರಲಿ. ಮಣ್ಣು ಎಲ್ಲುಂಟು?”

“ಈಗ ಬರ್ತದೆ... ಅಲ್ಲ, ಹಿಂದೆ ಉಂಟು ಸರ್,” ಎಂದು ಗುಲಾಬಕ್ಕ ತಡವರಿಸಿದಳು. ಸರ್ಟಿಫಿಕೇಟ್ ಸಿಗದಿದ್ದರೆ ಇವತ್ತೇ ಕರೆಂಟು ಕಟ್. ಫ್ರಿಜ್ಜಿನಲ್ಲಿ ಮಗಳ ನಿಶ್ಚಿತಾರ್ಥಕ್ಕೆಂದು ತಂದ ಅಂಜಲ್ ಮೀನಿತ್ತು.

ಅಷ್ಟರಲ್ಲಿ ಹಿಂದಿನ ದೋಣಿಯಿಂದ ಕುಂಡ ದಾಟಿಸಲು ಬಗ್ಗಿದ ಲೀನಾ ಬಾಯಿಯ ಕೈ ಜಾರಿತು. ದುಡುಮ್ಮೆಂದು ಕೇರಿಯ ಮಣ್ಣೆಲ್ಲ ನೀರುಪಾಲಾಯಿತು.

ಗುಳ್ಳೆಗಳು ನಿಲ್ಲುವವರೆಗೂ ಕಲ್ಲೂರಾಯರು ಇಣುಕಿ ನೋಡಿದರು. ಅವರ ಸ್ವಂತ ದೋಣಿಯ ತಪಾಸಣೆಗೂ ಹೋಗುತ್ತಿದ್ದದ್ದು ಅದೇ ಕುಂಡ.

“ಇಲ್ಲಿ ನೀರು ಎಷ್ಟು ಆಳ ಉಂಟು?”

“ಇಪ್ಪತ್ತಡಿ ಉಂಟು ಸರ್.”

ರಾಯರ ಮುಖ ಅರಳಿತು. “ಅರ್ಥಿಂಗಿನ ಮಣ್ಣು ಕಡಿಮೆ ಅಂದ್ರೂ ಎಂಟಡಿ ಕೆಳಗೆ ಇರಬೇಕು ಅಂತ ರೂಲ್ಸ್ ಉಂಟು ಮಾರಾಯ್ತಿ. ಮೂವತ್ತು ವರ್ಷದಲ್ಲಿ ಇವತ್ತೇ ಅದು ಸರಿಯಾದದ್ದು!” ಎಂದವರೇ ಇಡೀ ಕೇರಿಗೆ ಒಟ್ಟಿಗೇ ಸಹಿ ಹಾಕಿದರು.