ನೆರಳು ಕಬಡ್ಡಿ

ಮಹಾಮಾರಿ ಬಂದು ಹನ್ನೊಂದು ವರ್ಷವಾಗಿತ್ತು. ಮದ್ದೂರಿನಲ್ಲಿ ಕಬಡ್ಡಿಯನ್ನು ಸಂಜೆ ನಾಲ್ಕರ ಮೇಲೆಯೇ ಆಡುತ್ತಿದ್ದರು. ನೆರಳು ಉದ್ದವಾಗುವುದು ಆಗಲೇ. ಯಾರ ನೆರಳನ್ನು ಎದುರಾಳಿ ತುಳಿದರೋ ಅವರು ಔಟು. ಮೈ ಮುಟ್ಟಿದರೆ ಮಾತ್ರ ಇಬ್ಬರಿಗೂ ನಲವತ್ತು ದಿನ ಒಂಟಿ ಕೋಣೆ. ಹೋದ ವರ್ಷ ಅಲ್ಲಿಂದ ಬಂದ ಶಶಿರೇಖಾಳ ಅಕ್ಕ ಈಗಲೂ ಗೋಡೆಯ ಕಡೆ ತಿರುಗಿ "ಊಟ ಆಯ್ತಾ?" ಎಂದು ಕೇಳುತ್ತಿದ್ದಳು.

ಫೈನಲ್ ಪಂದ್ಯ ಶಶಿರೇಖಾಳ ಕೊನೆಯ ರೈಡಿನ ಮೇಲೆ ನಿಂತಿತ್ತು. ಬಟ್ಟೆ ಕಟ್ಟಿದ ಬಾಯೊಳಗೇ "ಕಬಡ್ಡಿ, ಕಬಡ್ಡಿ" ಎನ್ನುತ್ತಾ, ತನ್ನ ನೆರಳನ್ನು ಸೆರಗಿನಂತೆ ಒಳಗೆಳೆದುಕೊಳ್ಳುತ್ತಾ ಅವಳು ನುಗ್ಗಿದಳು. ತಿರುಗುವಾಗ ಕಾಲು ಜಾರಿತು. ತಲೆ ನೆಲಕ್ಕೆ ಬಡಿಯುವ ಮುನ್ನ ಎದುರಾಳಿ ತಂಡದ ಪುಷ್ಪಲತಾ ಅವಳ ಮಣಿಕಟ್ಟನ್ನು ಹಿಡಿದುಬಿಟ್ಟಳು. ಮರುಕ್ಷಣವೇ ಬೆಂಕಿ ಮುಟ್ಟಿದವಳಂತೆ ಕೈ ಬಿಟ್ಟಳು. ಧೂಳೆದ್ದಿದ್ದರಿಂದ ಯಾರಿಗೂ ಸರಿಯಾಗಿ ಕಾಣಲಿಲ್ಲ.

ಸೀಟಿ ಕೇಳಿಸಿತು. ತೀರ್ಪುಗಾರ ತಮ್ಮಯ್ಯ ಮೇಷ್ಟ್ರು ಗೆರೆಯಾಚೆಯೇ ನಿಂತು ಕೇಳಿದರು: "ಏನ್ರವ್ವಾ, ಮೈ ಮುಟ್ಟಿದ್ರಾ?"

ಪುಷ್ಪಲತಾ ಕೈಯನ್ನು ಬೆನ್ನ ಹಿಂದೆ ಅಡಗಿಸಿಕೊಂಡಳು. ಶಶಿರೇಖಾಳ ಮಣಿಕಟ್ಟಿನಲ್ಲಿ ಆ ಕೈಯ ಬಿಸಿ ಇನ್ನೂ ಆರಿರಲಿಲ್ಲ. ಕಪ್ ಹೋದರೆ ಹೋಗಲಿ ಅನ್ನಿಸಿತು ಅವಳಿಗೆ.

"ಇಲ್ಲ ಸಾ, ನನ್ನ ನೆಳ್ಳು ತುಳುದ್ಲು ಅಷ್ಟೆಯ. ನಾನು ಔಟು."

"ನೆಳ್ಳಾ?" ಎಂದು ಮೇಷ್ಟ್ರು ನೆಲ ನೋಡಿದರು. ಅವಳೂ ನೋಡಿದಳು. ಯಾವಾಗಲೋ ಮೋಡ ಕವಿದಿತ್ತು. ಇಡೀ ಅಂಕಣದಲ್ಲಿ ಯಾರಿಗೂ ನೆರಳೇ ಇರಲಿಲ್ಲ.