ಕೆಂಪು ಎಳೆಗಳು

ಮಾನಪ್ಪ ಕೃತಕ ಕಣ್ಣು ಮಾಡುತ್ತಿದ್ದ. ಬಿಳಿಗುಡ್ಡೆಯ ಮೇಲೆ ಅವನು ಕೆಂಪು ರೇಷ್ಮೆಯ ಎಳೆ ಅಂಟಿಸಿದರೆ ಥೇಟ್ ಕೂದಲೆಳೆಯಂಥ ರಕ್ತನಾಳವೇ.

ಕುಡಿದು ಬೈಕಿನಿಂದ ಬಿದ್ದು ಒಂದು ಕಣ್ಣು ಕಳೆದುಕೊಂಡವನೊಬ್ಬ ಹೆಂಡತಿಯೊಡನೆ ಬಂದಿದ್ದ. ಉಳಿದ ಕಣ್ಣು ಕೆಂಡದಂತಿತ್ತು. ಅದಕ್ಕೆ ಹೊಂದಿಸಲು ಮಾನಪ್ಪ ಎಳೆ ಬಿಡಿಸತೊಡಗಿದ.

"ಕೆಂಪ ಎಳಿ ಬ್ಯಾಡ್ರಿ, ಬೆಳ್ಳಗ ಇರ್ಲಿ," ಎಂದಳು ಹೆಂಡತಿ.

"ಜೋಡಿ ಹೊಂದೂದಿಲ್ಲವ್ವಾ," ಎಂದ ಮಾನಪ್ಪ.

"ಹೊಂದತೈತ್ರಿ," ಎಂದ ಗಂಡ. "ಕುಡಿಯೂದು ಬಿಟ್ಟೀನಿ. ಈ ಕಣ್ಣೂ ಬೆಳ್ಳಗ ಆಗತೈತಿ."

ಮಾನಪ್ಪನಿಗೆ ಮನಸ್ಸು ತುಂಬಿ ಬಂತು. "ಗಂಡನ ಮ್ಯಾಲೆ ನಂಬಿಕಿ ಅಂದ್ರ ಹಿಂಗಿರಬೇಕ ನೋಡವಾ."

"ನಂಬಿಕಿ ಅಲ್ರೀ," ಎಂದಳು ಅವಳು. "ದಿನಾ ಸಂಜಿಗೆ ಇವ್ರು ಮನಿಗೆ ಬಂದಾಗ ಆ ಉಳಿದ ಕಣ್ಣ ಎಷ್ಟ ಕೆಂಪ ಆಗೇತಿ ಅಂತ ಹೋಲಿಸಿ ನೋಡಾಕ, ಬಾಜೂಕ ಒಂದು ಬಿಳೀದು ಬೇಕು."